ತಪ್ಪನ್ನು ಹಿಂದಕ್ಕೆ ಓಡಿಸುವುದು

ಡೋಣಿಯ ಆಚೆ, ಎರೆಹೊಲ ಮುಗಿದು
ಗುಡ್ಡದ ಕೆಂಪು ಶುರುವಾಗುವಲ್ಲಿ
ನಲವತ್ತೆಂಟು ಕಿವಿಗಳನ್ನು ನೆಲಕ್ಕೆ ಊರಿದ್ದೇವೆ,
ಹಗ್ಗ ಹಿಡಿದು, ಎರಡು ಮೀಟರಿಗೊಂದು.
ಜೋಳ ಕೊಯ್ದ ಕೂಳೆ ಕಾಲಿಗೆ ಚುಚ್ಚುತ್ತದೆ.
ಕಬ್ಬಿಣದ ತಟ್ಟೆಯ ಮುಂದೆ ಮೋದಿನಸಾಬ.
ಎಂಟು ಕಿಲೋ ಸುತ್ತಿಗೆ, ಒಂದು ಜಾಗಕ್ಕೆ ಹದಿನೈದು ಏಟು.
"ಹೊಡೀಲ್ರಿ?"
"ಗಾಳಿ ನಿಲ್ಲಲಿ, ತಡೀರಿ."
ಕಪ್ಪತಗುಡ್ಡದಲ್ಲಿ ಗಾಳಿ ಎಂದಾದರೂ ನಿಂತಿದೆಯೇ?
"ಹೊಡೀರಿ."

ಏಟು ಒಳಗಿಳಿಯುತ್ತದೆ.
ಎರೆಯಲ್ಲಿ ಎಮ್ಮೆಯ ಹಾಗೆ, ಸಾವಕಾಶ;
ಗರಸಿನಲ್ಲಿ ತುಸು ಬಿರುಸು;
ಕಲ್ಲು ಸಿಕ್ಕರೆ ಒಂದೇ ಓಟ.
ತಿರುಗಿ ಬಂದಷ್ಟು ಪರದೆಯ ಮೇಲೆ
ನಲವತ್ತೆಂಟು ನಡುಗುವ ಗೆರೆ, ಕೌದಿಯ ಹೊಲಿಗೆ.

ಮೂವತ್ತು ವರ್ಷ ಬಾವಿ ತೋಡಿದವ ಅವನು.
ಹಾರಿಯ ತುದಿ ಊರಿ, ಮೇಲಿನ ತುದಿಗೆ ಕಿವಿ ಕೊಟ್ಟು
ಬಂಡೆಯೋ ಪೊಳ್ಳೋ ಹೇಳುತ್ತಿದ್ದನಂತೆ.
"ಇದರಾಗ ಕಲ್ಲು ಎಲ್ಲೈತ್ರಿ ಅಕ್ಕಾರ?"

ಇದರಲ್ಲಿಲ್ಲ. ಅದೇ ಕಷ್ಟ.
ಮೊದಲು ನಾನೊಂದು ಸುಳ್ಳು ನೆಲ ಕಟ್ಟಬೇಕು:
ಇಷ್ಟು ಎರೆ, ಇಷ್ಟು ಗರಸು, ಕೆಳಗೆ ಕಲ್ಲು, ಅಂದಾಜಿಗೆ.
ಅದರ ಮೇಲೆ ಲೆಕ್ಕದ ಸುತ್ತಿಗೆ ಬೀಸಿ
ನಿಜದ ನಡುಕದಿಂದ ಲೆಕ್ಕದ ನಡುಕವನ್ನು ಕಳೆಯಬೇಕು.
ಉಳಿದದ್ದು ನನ್ನ ತಪ್ಪು.
ಆ ತಪ್ಪನ್ನು, ಕಿವಿಗಳನ್ನೇ ಬಾಯಾಗಿಸಿ,
ಕಾಲ ತಿರುಗಿಸಿ, ಕೊನೆಯ ನಡುಕವೇ ಮೊದಲಾಗಿ,
ಬಂದ ದಾರಿಗುಂಟ ಹಿಂದಕ್ಕೆ ಓಡಿಸಬೇಕು.
ಇಳಿಯುವ ಅಲೆಯೂ ಮರಳುವ ತಪ್ಪೂ
ಎಲ್ಲಿ ಒಂದನ್ನೊಂದು ಹಾಯುತ್ತವೋ
ಅಲ್ಲಿ ನೆಲವನ್ನು ಕೂದಲಷ್ಟು ತಿದ್ದು.
ಮತ್ತೆ ಬೀಸು. ಮತ್ತೆ ಕಳೆ.
ಇನ್ನೂರು ಸಲ.

ಗದಗಿನ ಬಾಡಿಗೆ ಕೋಣೆಯಲ್ಲಿ, ಕೆಳಗೆ ಅಚ್ಚುಕೂಟದ ಸದ್ದು,
ಮೂರು ತಿಂಗಳು ಓಡಿಸಿದೆ.
ತಪ್ಪು ಇಳಿಯಿತು, ಇಳಿಯಿತು, ಒಂದು ಕಡೆ ಕೂತಿತು.
ಗೆರೆಗೆ ಗೆರೆ ಕೂಡಿತು. ಖುಷಿಗೆ ಮಿರ್ಚಿ ತರಿಸಿದೆ.
ಚಿತ್ರದಲ್ಲಿ ಮಾತ್ರ ಹೊಲದ ಕೆಳಗೊಂದು ಗುಡ್ಡ
ತಲೆಕೆಳಗಾಗಿ ನಿಂತಿತ್ತು.

ನೆಲದ ಎರಡನೆಯ ಅಲೆಗೆ ನನ್ನ ಮೂರನೆಯದು ಹೊಂದಿಕೊಂಡಿತ್ತು,
ಗುಂಡಿಯೊಂದು ಪಕ್ಕದ ಕಾಜಿಗೆ ಬಿದ್ದು
ಕೊರಳತನಕ ನೀಟಾಗಿ ತಪ್ಪಿದ ಅಂಗಿ.
ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಹತ್ತಿರದ ತಗ್ಗಿಗಿಳಿದು
ಇದೇ ತಳವೆಂದು ಮಲಗುತ್ತದೆ.

ಉಪಾಯ ಎಲ್ಲರಿಗೂ ಗೊತ್ತು: ದಪ್ಪ ದನಿಯಿಂದ ಶುರುಮಾಡು,
ಉದ್ದ ಅಲೆಗೆ ಕಾಜು ತಪ್ಪುವುದು ಕಷ್ಟ.
ಸುತ್ತಿಗೆಗೆ ದಪ್ಪ ದನಿ ಎಲ್ಲಿಂದ ಬರಬೇಕು?

ಮತ್ತೆ ಡೋಣಿಗೆ ಹೋದಾಗ, ಚಹಾ ಹೀರುತ್ತ ಅವನು ಬೈದ:
"ರಾತ್ರಿ ನಿದ್ದೀನ ಇಲ್ಲರಿ. ನೆಲಕ್ಕ ಮಲಗಿದ್ರ
ಗುಡ್ಡದ ಮ್ಯಾಲಿನ ಫ್ಯಾನು ಗುನುಗತಾವ.
ಕಿವಿಗಲ್ಲ, ಬೆನ್ನಿಗೆ."

ಫ್ಯಾನು. ಗಾಳಿಯಂತ್ರ.
ಮೂರು ತಿಂಗಳು ಗದ್ದಲವೆಂದು ನಾನು ಸೋಸಿ ಚೆಲ್ಲಿದ್ದು ಅದನ್ನೇ.

ಆ ರಾತ್ರಿ ಸುತ್ತಿಗೆ ಮಲಗಿತು.
ಧಾರವಾಡದಿಂದ ಎರವಲು ತಂದ ಹನ್ನೆರಡು ದಪ್ಪ ಕಿವಿಗಳು
ಒಂಬತ್ತು ತಾಸು ಎಚ್ಚರಿದ್ದವು.
ಕಿವಿಯಿಂದ ಕಿವಿಗೆ ಗುನುಗು ದಾಟುವ ಹೊತ್ತನ್ನು ಎಣಿಸಿ
ಹೊಸ ಸುಳ್ಳೊಂದನ್ನು ಕಟ್ಟಿದೆ, ಬಲು ಮಸುಕು.
ಅದರ ಮೇಲೆ ಸುತ್ತಿಗೆ.

ಮೂವತ್ತನೆಯ ಸಲಕ್ಕೆ ತಲೆಕೆಳಗಾದ ಗುಡ್ಡ ಕರಗಿತು.
ಓರೆಯಾಗಿ ಇಳಿವ ಕಲ್ಲು ಕಂಡಿತು,
ಮೂವತ್ತೆಂಟು ಮೀಟರಿನಲ್ಲಿ ಒಂದು ಮೆತ್ತನೆ ಪಟ್ಟಿ.
ನೀರೋ, ನುರಿದ ಕಲ್ಲೋ,
ಯಾರೋ ಎಂದೋ ಬಂಗಾರಕ್ಕೆ ತೋಡಿ ಬಿಟ್ಟ ಕುಣಿಯೋ.

ಇನ್ನೊಂದು ಸಂಗತಿ, ವರದಿಯಲ್ಲಿ ಬರೆಯಲಿಲ್ಲ.
ನೆಲ ತಿಳಿಯಲು ಏಟಿನ ಆಕಾರವೂ ತಿಳಿಯಬೇಕು;
ಲೆಕ್ಕ ಅದನ್ನೂ ಬಿಡಿಸಿ ಕೊಡುತ್ತದೆ.
ಮುಂಜಾನೆಯ ಏಟು ಚೂಪು, ಉಂಡ ಮೇಲಿನದು ಅಗಲ.
ಹನ್ನೊಂದನೆಯ ದಿನ ಎಲ್ಲವೂ ಒಂದು ಕಡೆ ವಾಲಿದ್ದವು.
ಕೇಳಿದೆ.
"ಬಲರಟ್ಟಿ ಹಿಡಿದಿತ್ತರಿ ಅವತ್ತ, ಎಡಗೈಲೆ ಹೊಡದೆ.
ಹೇಳಿದ್ರ ಪಗಾರ ಮುರಕೊಂತೀರಿ ಅಂತ ಸುಮ್ಮನಿದ್ದೆ."

ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದ.
"ಇದು ಖರೇ ಏನ್ರಿ?"
"ಇಲ್ಲಿತನಕ ಇದು ಕಡಿಮೆ ತಪ್ಪು."
"ಹಂಗಾರ ಇನ್ನಾ ತೋಡಬ್ಯಾಡ್ರಿ," ಅಂದು
ತಟ್ಟೆ ಹೊತ್ತು ಮುಂದಿನ ಗೂಟಕ್ಕೆ ನಡೆದ.