ಚಕ್ಲಿಯ ಅಳತೆ

ಕೊರಳು ಹದಿನಾಲ್ಕು, ಎದೆ ಇಪ್ಪತ್ತೆರಡೂವರೆ,
ಬೆನ್ನು, ಕೊರಳಪಟ್ಟಿಯಿಂದ ಬಾಲದ ಬುಡದ ತನಕ, ಹತ್ತೊಂಬತ್ತು.
ಕರಂದೀಕರ್ ಬಾಯಿಯ ಝಂಪರಿನ ಅಳತೆಯ ಕೆಳಗೇ
ಅದೇ ಪುಟದಲ್ಲಿ, ಅದೇ ಮೊಂಡ ಪೆನ್ಸಿಲಿನಲ್ಲಿ ಬರೆದುಕೊಂಡೆ.
ಹೆಸರು: ಚಕ್ಲಿ. ಡೆಲಿವರಿ: ಅರ್ಜೆಂಟ್.

ಇಪ್ಪತ್ತಾರು ವರ್ಷ ಕೊಥ್ರೂಡಿನ ಹೆಂಗಸರ ಬೆನ್ನಿಗೆ
ಟೇಪು ಹಿಡಿದವಳು ನಾನು.
ಹೊಟ್ಟೆ ಒಳಗೆಳೀಬ್ಯಾಡ್ರಿ, ಆಮ್ಯಾಲೆ ಬೈಸಿಕೊಳ್ಳಾಕಿ ನಾನು, ಎಂದವಳು.
ಈ ಗಿರಾಕಿ ಹೊಟ್ಟೆ ಒಳಗೆಳೆಯಲಿಲ್ಲ.
ಟೇಪಿನ ತುದಿಯ ತಗಡು ನೆಕ್ಕಿ ನೋಡಿ
ಸೀನಿತು.

ಜುಲೈ ಬಂತೆಂದರೆ ವೇತಾಳ ಟೇಕಡಿಯ ಕಲ್ಲುಗಣಿಯಲ್ಲಿ
ಚಹಾದ ಬಣ್ಣದ ನೀರು ನಿಲ್ಲುತ್ತದೆ.
ಉಳಿದ ನಾಯಿಗಳು ಕಾಲು ತೋಯಿಸಿ ಬರುತ್ತವೆ.
ಇದು ಎಮ್ಮೆಯ ಜನ್ಮ ತಾಳಿ ಮಲಗುತ್ತದೆ:
ಮೂಗು, ಎರಡು ಕಣ್ಣು, ಬಾಲದ ಒಂದು ಸುರುಳಿ, ಅಷ್ಟೇ ಮೇಲೆ.
ಆಮೇಲೆ ಮೂರು ಮಹಡಿ ಮೆಟ್ಟಿಲು.
ಲಿಫ್ಟಿನಲ್ಲಿ ಆಪ್ಟೆಯವರು ಚೀಟಿ ಅಂಟಿಸಿದ್ದಾರೆ,
ನಾಯಿಯ ಚಿತ್ರ ಬರೆದು ಅಡ್ಡಗೆರೆ ಎಳೆದು.
ಚಿತ್ರ ಮಾತ್ರ ಹಂದಿಯ ಹಾಗಿದೆ.
ನಾನು ಚಪ್ಪಲಿ ಬಿಡುವಷ್ಟರಲ್ಲಿ
ಮೂಗಿನ ತುದಿಗೆ ಹುಟ್ಟಿದ ನಡುಕ
ಕಿವಿಗೆ, ಹೆಗಲಿಗೆ, ಸೊಂಟಕ್ಕೆ, ಬಾಲಕ್ಕೆ ಹಾಯ್ದು
ಗೋಡೆ, ಕ್ಯಾಲೆಂಡರು, ಮಿಕ್ಸಿ,
ಫಾಲ್ ಹಚ್ಚಲು ಬಂದಿದ್ದ ಯಾರದೋ ಮೋತಿ ಬಣ್ಣದ ಪೈಠಣಿ.

ಪೈಠಣಿಯ ಮಾತು ಬೇಡ.
ಡ್ರೈಕ್ಲೀನಿಂಗಿನ ಬಿಲ್ಲು ಡಬ್ಬಿಯಲ್ಲಿದೆ.

ನೀನೇ ಹೊಲಿಯಬಹುದಲ್ಲ, ಎಂದಳು ಎದುರುಮನೆಯ ವೃಂದಾ.
ಹೊಲಿಯಬಹುದು.
ಊರವರದೆಲ್ಲ ಹೊಲಿದು ಹೊಲಿದು
ನನ್ನ ಮನೆಗೂ ಒಂದು ರೆಡಿಮೇಡ್ ಬರಲಿ ಎಂಬ ಆಸೆ
ವೃಂದಾಗೆ ಹೇಳುವಂಥದ್ದಲ್ಲ.

ಕರ್ವೆ ರಸ್ತೆಯ ಅಂಗಡಿಯ ಹುಡುಗಿ ಮೂರು ಕೋಟು ಹರವಿದಳು.
ಬೂದು, ಮೈಕ್ರೋಫೈಬರು. ಸೂಜಿ ಚುಚ್ಚಿ ಒರಟಾದ ನನ್ನ ಬೆರಳಿಗೆ
ಎಳೆಯೆಳೆಯೂ ಸಿಕ್ಕಿಕೊಂಡಿತು.
ಇನ್ನೊಂದು ಬಿದಿರಿನದಂತೆ. ಬಿದಿರು ಬುಟ್ಟಿಗಾಯಿತು, ಏಣಿಗಾಯಿತು,
ಚಟ್ಟಕ್ಕೂ ಆಯಿತು, ಈಗ ನಾಯಿಯ ಮೈಗೆ.
ಕೈಗೆ ಬೆಣ್ಣೆ. ಬೆಲೆ ಎರಡು ಸಾವಿರದ ಆರುನೂರು:
ಅಸ್ತರು ಹಾಕಿದ ಐದು ಝಂಪರು, ಮೇಲೊಂದು ಫಾಲು.
ಮೂರನೆಯದು ಹತ್ತಿ, ಟರ್ಕಿ ಟವೆಲ್ಲಿನ ಬಟ್ಟೆ, ಕಡುನೀಲಿ.

ಬಾಟಲಿ ತೆರೆದು ಮೂರಕ್ಕೂ ಒಂದೊಂದು ಹನಿ ಬಿಟ್ಟೆ.
ಅಹೋ ಮಾವಶಿ! ಎಂದಳು ಹುಡುಗಿ.
ಬೂದಿನ ಮೇಲೆ ಹನಿ ಮಣಿಯ ಹಾಗೆ ಕೂತಿತು, ಇಳಿಯಲೊಲ್ಲದು.
ಬಿದಿರು ಯೋಚಿಸಿ ಕುಡಿಯಿತು.
ಹತ್ತಿ, ಬಿಸಿಲಿಂದ ಬಂದ ನಮ್ಮವ್ವ
ತಂಬಿಗೆ ಎತ್ತಿದ ಹಾಗೆ.

ಮಗ್ಗುಲು ತಿರುವಿ ನೋಡಿದೆ. ಕಂಕುಳಲ್ಲಿ ಒಂದೇ ಹೊಲಿಗೆ,
ಅಂಚಿನಲ್ಲಿ ದಾರ ಬಿಟ್ಟಿದ್ದಾರೆ, ಬೆನ್ನು ಒಂದಿಂಚು ಗಿಡ್ಡ.
ಹೊಟ್ಟೆಪಟ್ಟಿ ವೆಲ್ಕ್ರೋ; ಎಷ್ಟು ಸಲೀಸು ನೋಡಿ, ಎಂದು ಹುಡುಗಿ
ಪರ್‍ರೆಂದು ಎಳೆದಳು.
ಚಕ್ಲಿ ಬಿಸ್ಕತ್ತಿನ ಮೂಟೆಯ ಹಿಂದೆ.

ಲಕ್ಷ್ಮೀಪೂಜೆಯ ರಾತ್ರಿ ಸಿಕ್ಕಿದ್ದು ಅದು,
ಡಹಾಣೂಕರ್ ಕಾಲನಿಯಲ್ಲಿ, ನಿಂತ ಟೆಂಪೋದ ಅಡಿಯಲ್ಲಿ.
ಆಗ ಬಾಲ ಸುರುಳಿ ಇರಲಿಲ್ಲ, ಹೊಟ್ಟೆಗೆ ಅಂಟಿತ್ತು.
ಹೆಸರಿಡಲು ನಾಲ್ಕು ದಿನ ಕಾಯಬೇಕಾಯಿತು.

ನೀಲಿಯದೇ ಕೊಡು, ಎಂದೆ. ಕತ್ತರಿ ಇದೆಯೇನು?
ಇದೆ, ಕೊಡಲಿಲ್ಲ.

ರಾತ್ರಿ ವೆಲ್ಕ್ರೋ ಬಿಚ್ಚಿ ಲಂಗದ ನಾಡಿ ಹಚ್ಚಿದೆ.
ಗಿಡ್ಡವಾದ ಒಂದಿಂಚಿಗೆ ಕರಂದೀಕರ್ ಬಾಯಿಯ
ಉಳಿದ ಹಸಿರು ತುಂಡು. ರೆಡಿಮೇಡ್ ಅಲ್ಲಿಗೆ ಮುಗಿಯಿತು.

ಈಗ ಮಧ್ಯಾಹ್ನ. ಮಳೆ ಬಿಟ್ಟಿಲ್ಲ.
ಕೋಟು ತೊಟ್ಟು, ಮಿಂದ ಪೈಲ್ವಾನನ ಹಾಗೆ ನಾಲ್ಕು ಹೆಜ್ಜೆ ಮೆರೆದು
ಮಶಿನ್ನಿನ ಅಡಿಗೆ ಬಂದು ಮಲಗಿದೆ,
ಪೆಡಲಿನ ಮೇಲೆ ಅರ್ಧ, ನನ್ನ ಪಾದದ ಮೇಲೆ ಅರ್ಧ.
ಬಿಸಿ ಏರುತ್ತಿದೆ, ಕೆಸರು, ಹಸಿ ಹತ್ತಿ, ನಾಯಿ.
ಟ್ರಯಲ್ಲಿಗೆ ಬಂದ ಕರಂದೀಕರ್ ಬಾಯಿ ಮೂಗು ಅರಳಿಸಿ
ಏನೋ ವಾಸನೆ, ಎಂದರು.
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.
ಕೇಳಿಸಲಿಲ್ಲ.