ಎರಡು ಪ್ರತಿ

ಎಪಿಎಂಸಿ ಯಾರ್ಡಿನಲ್ಲಿ ಲಾರಿಯಿಂದ ಜಾರಿದ
ಆಲೂಗಡ್ಡೆ ಮೂಟೆ ಪಕ್ಕೆಗೆ ಬಿದ್ದು
ಉಚ್ಚೆ ಕೆಂಪಗಾಯಿತೆಂದು ಬಂದವನು ಚೆಲುವಯ್ಯ.
ಚೀಟಿಯಲ್ಲಿದ್ದದ್ದು ಇಷ್ಟೇ:
ಪೆಟ್ಟು. ಒಳಗೆ ರಕ್ತ ಇದೆಯೇ ನೋಡಿ.

ಸಾಲಗಾಮೆ ರಸ್ತೆಯ ನನ್ನ ಸ್ಕ್ಯಾನಿಂಗ್ ಕೋಣೆಗೆ
ಹಗಲೂ ಕತ್ತಲು.
"ತಣ್ಣಗಿರುತ್ತೆ" ಎಂದು ಜೆಲ್ ಹಚ್ಚಿದೆ.
"ಕೋಲ್ಡ್ ಸ್ಟೋರೇಜಲ್ಲೇ ಇಪ್ಪತ್ತು ವರ್ಷ, ಇದ್ಯಾವ್ ತಣ್ಣಗೆ ಮೇಡಂ"
ನಕ್ಕ; ನಕ್ಕರೆ ನೋಯುತ್ತಿತ್ತು.

ಪಕ್ಕೆಲುಬು ನೆಟ್ಟಗಿತ್ತು.
ಅದರಡಿ, ಅವರೆಕಾಳಿನಂತೆ ಬಾಗಿ ಕೂತಿರಬೇಕಾದ್ದು
ಕೂತಿರಲಿಲ್ಲ. ಅಂಚೇ ಇಲ್ಲ.
ಕಪ್ಪು ಗುಳ್ಳೆ, ಹಿಂದೆ ಗುಳ್ಳೆ,
ಒಂದನ್ನು ಅಳೆಯುವಷ್ಟರಲ್ಲಿ ಮಗ್ಗುಲಲ್ಲಿ ಇನ್ನೊಂದು.
ಹೊರಳಿಸಿದೆ. ಎಡಕ್ಕೂ ಅದೇ.
ಇಪ್ಪತ್ತರ ತನಕ ಎಣಿಸಿ ಬಿಟ್ಟೆ.

"ಉಸಿರು ಬಿಡಿ" ಎನ್ನುವುದನ್ನು ಮರೆತಿದ್ದೆ.
ಅವನು ಹಿಡಿದೇ ಇದ್ದ.

"ಮನೇಲಿ ಯಾರಿಗಾದರೂ ಕಿಡ್ನಿ ತೊಂದರೆ?"
"ಇಲ್ಲ."
"ಬಿಪಿ?"
"ನೋಡಿಸ್ದೋರ್ಯಾರು."
"ತಂದೆ?"
"ನಲವತ್ತೊಂದಕ್ಕೆ. ತಲೆನೋವು ಅಂತ ಕೂತ್ರು, ಅಷ್ಟೇ.
ಕೊನೇ ನೀರು ಹುಯ್ವಾಗ ಮುಟ್ಟಿದ್ದೆ,
ಹೊಟ್ಟೆ ಇಲ್ಲೆಲ್ಲ ಗಂಟುಗಂಟು."

ಹೇಳುವುದು ಕಳಿಸಿದ ಡಾಕ್ಟರ ಕೆಲಸ,
ನನ್ನದು ಬರೆಯುವುದಷ್ಟೇ.
ಆದರೂ ಹೇಳಿದೆ:
ಬಿತ್ತನೆ ಗೆಡ್ಡೆಯೊಳಗೇ ಬರುವ ರೋಗ ಇರುತ್ತಲ್ಲ, ಹಾಗೆ.
ಮೂಟೆ ಬಿದ್ದು ಬಂದದ್ದಲ್ಲ,
ಮೂಟೆ ಬಿದ್ದು ಕಂಡದ್ದು.
ನಿಮ್ಮಪ್ಪನಿಂದ; ಅವರಿಗೂ ಪ್ರಾಯಶಃ ಅವರಪ್ಪನಿಂದ.

ಮಕ್ಕಳ ವಿಷಯ ಕೇಳುತ್ತಾನೆಂದು
ಎರಡಕ್ಕೊಂದು ಎಂಬ ಲೆಕ್ಕವನ್ನು
ನಾಲಿಗೆ ತುದಿಯಲ್ಲಿಟ್ಟುಕೊಂಡು ಕಾದೆ.

ಅವನು ಕೇಳಿದ:
"ಹಂಗಾದ್ರೆ ನಮ್ಮವ್ವನ ಕಾಲ್ಗುಣ ಅಲ್ವಾ?"

ಮದುವೆಯ ವರ್ಷ ಮಾವ, ಆಮೇಲೆ ಗಂಡ,
ಎರಡು ಹೆಣ ಎಣಿಸಿ
ತಿಥಿಯ ಮರುದಿನ ಅವಳ ಟ್ರಂಕನ್ನು ಬೀದಿಗಿಟ್ಟರಂತೆ.
ಇಪ್ಪತ್ತೆಂಟು ವರ್ಷ
ಯಾರ ಚಪ್ಪರದಡಿಗೂ ಕಾಲಿಟ್ಟಿಲ್ಲ ಅವಳು,
ಮೊಮ್ಮಗಳ ನಾಮಕರಣಕ್ಕೂ ಹಿತ್ತಲಲ್ಲೇ ನಿಂತಳಂತೆ.

"ಅಲ್ಲ" ಎಂದೆ.
"ಇನ್ನೊಂದ್ ಸಲ ಹೇಳಿ."
"ಅಲ್ಲ."

ಎದ್ದು ಕೂತು, ಜೆಲ್ ಒರೆಸಿಕೊಳ್ಳುವುದನ್ನೂ ಮರೆತು
ಅಂಗಿ ಹಾಕಿಕೊಂಡ. ಅಂಗಿ ಅಂಟಿತು.
"ಈ ಫೋಟೊ ಎರಡು ಪ್ರತಿ ಕೊಡಿ ಮೇಡಂ.
ಒಂದು ಡಾಕ್ಟ್ರಿಗೆ.
ಇನ್ನೊಂದು ಗಂಡಸಿಗೆ, ಚಿಕ್ಕಪ್ಪ ಇನ್ನೂ ಅವ್ನೆ."

ಯಂತ್ರ ಕರಕರ ಎಂದು ಕಾಗದ ಉಗುಳಿತು,
ಮತ್ತೆ ಅದನ್ನೇ.

ಬಾಗಿಲ ತನಕ ಹೋದವನು ನಿಂತ.
ಹೊರಗೆ ಬೆಂಚಿನ ಮೇಲೆ ಅವನ ಚಪ್ಪಲಿ, ಟವೆಲು ಕಾಯುತ್ತ
ಹದಿನೇಳರ ಮಗಳು.
ತಿರುಗದೆ, ಮೆಲ್ಲಗೆ:
"ಇವ್ಳನ್ನೂ ಮಲಗಿಸ್ಬೇಕಾ?"

"ಇವತ್ತಲ್ಲ" ಎಂದೆ.