ಮಾಲೂರಿನ ಇಟ್ಟಿಗೆ

ಕೋಲಾರದ ಟೇಕಲ್ ರಸ್ತೆಯ ನರ್ಸಿಂಗ್ ಹೋಂ,
ಮೂರನೇ ಅಂತಸ್ತು, ಎರಡು ವಾರ್ಡುಗಳ ನಡುವೆ
ನಾನೇ ಕೂರಿಸಿದ್ದು ಆ ಬಾಗಿಲು.
ಎರಡು ಗಂಟೆ ಬೆಂಕಿ ತಡೆಯುತ್ತೇನೆಂದು
ಪಕ್ಕೆಯಲ್ಲಿ ತಗಡಿನ ಚೀಟಿ ಹೊತ್ತದ್ದು.
ನಾಲ್ಕು ಜನ ಮೆಟ್ಟಿಲು ಹತ್ತಿಸುವಾಗ ಬಾಬಾಜಾನ್ ಅಂದ:
"ಹೆಣಕ್ಕಿಂತ ಭಾರ, ಅಣ್ಣ."
ಬೈದೆ. ಆಸ್ಪತ್ರೆಯಲ್ಲಿ ಆಡುವ ಮಾತಲ್ಲ.

ನೆತ್ತಿಯ ಮೇಲೆ ಕ್ಲೋಸರ್: ಒಂದು ಕಬ್ಬಿಣದ ತೋಳು,
ಡಬ್ಬಿಯೊಳಗೆ ಸ್ಪ್ರಿಂಗು, ಸ್ಪ್ರಿಂಗಿನ ಸಿಟ್ಟು ತಣಿಸಲು ಎಣ್ಣೆ.
ಎರಡು ಸ್ಕ್ರೂ. ಮೊದಲನೆಯದು ನಡಿಗೆಗೆ,
ಎರಡನೆಯದು ಕೊನೆಯ ಗೇಣಿಗೆ.
ಕೊನೆಯ ಗೇಣಲ್ಲೇ ಇರುವುದು ಎಲ್ಲ.
ಅಲ್ಲಿ ಜೋರಾದರೆ ಮಲಗಿದ ಬಾಣಂತಿ ಬೆಚ್ಚುತ್ತಾಳೆ,
ಮೆತ್ತಗಾದರೆ ಚಿಲಕದ ನಾಲಿಗೆ ಕಚ್ಚುವುದಿಲ್ಲ,
ಬಾಗಿಲು ಚೌಕಟ್ಟಿಗೆ ಒರಗಿ
ಮುಚ್ಚಿದ ಹಾಗೆ ನಟಿಸುತ್ತದೆ.
ಹೊಗೆಗೆ ಅಷ್ಟು ಸಾಕು.

ನಿಯಮ ಇಷ್ಟೇ ಎಂದರು ಅಗ್ನಿಶಾಮಕದ ಆಫೀಸರು,
ಕಡತದ ದಾರ ಬಿಗಿಯುತ್ತ:
ಎಲ್ಲಿ ಬಿಟ್ಟರೂ ತಾನೇ ಬಂದು ಮುಚ್ಚಬೇಕು,
ಯಾರ ನೆನಪನ್ನೂ ನೆಚ್ಚಿ ಕೂರಬಾರದು.
ಚಿಲಕ ತಾನೇ ಬೀಳಬೇಕು, ಬೀಗ ಇರಬಾರದು,
ಓಡುವ ದಿಕ್ಕಿಗೇ ತೆರೆಯಬೇಕು,
ಯಾವುದೂ ಅಡ್ಡ ನಿಲ್ಲಬಾರದು.
ಸಹಿ ಹಾಕಿ, ಟೀ ಕುಡಿದು, ಹೊರಟರು.
ಅವರ ಬೆನ್ನ ಹಿಂದೆ ಅದು ವಿನಯವಾಗಿ ಮುಚ್ಚಿತು.

ಹದಿನೈದು ದಿನ ಬಿಟ್ಟು ಬಿಲ್ಲಿನ ಬಾಕಿ ಕೇಳಲು ಹೋದರೆ
ಬಾಗಿಲು ಹಾರು ಹೊಡೆದು ನಿಂತಿದೆ.
ಕೆಳಗೊಂದು ಇಟ್ಟಿಗೆ.
ಮಾಲೂರಿನದು, ಬೆನ್ನ ಮೇಲೆ ಗೂಡಿನ ಮೊಹರು;
ದಿನಗಟ್ಟಲೆ ಬೆಂಕಿಯಲ್ಲಿ ಕೂತು ಕೆಂಪಾಗಿ ಬಂದದ್ದು
ಈಗ ಬೆಂಕಿಗೇ ಬಾಗಿಲು ಹಿಡಿದು ನಿಂತಿತ್ತು,
ಮದುವೆ ಮನೆಯಲ್ಲಿ ಬೀಗರನ್ನು ಬರಮಾಡುವವನ ಹಾಗೆ.

ಕಾಲಿಂದ ಒದ್ದೆ.
ಎರಡೂ ಕೈಯಲ್ಲಿ ಬೆಡ್‌ಪ್ಯಾನ್ ಹಿಡಿದು ಬಂದರು ಆಯಾ ಮುನಿರತ್ನಮ್ಮ:
"ಅದ್ನ ಯಾಕಪ್ಪಾ ಒದೀತೀಯ?"
ನಿಯಮ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.
"ರಾತ್ರಿ ನಾನೊಬ್ಳೇ. ಈ ಕಡೆ ಏಳು ಹಾಸ್ಗೆ, ಆ ಕಡೆ ಒಂಬತ್ತು.
ನಿನ್ ಬಾಗ್ಲು ಮುಚ್ಕೊಂಡ್ರೆ
ಅಲ್ಲಿ ಕೂಗಿದ್ದು ಇಲ್ಲಿಗೆ ಕೇಳಲ್ಲ.
ಕೂಗಿಗೆ ಏನ್ ಬರ್ದವ್ರೆ, ನಿನ್ ರೂಲ್ಸಲ್ಲಿ?"

ನಾನು ಓದಿದಷ್ಟರಲ್ಲಿ ಏನೂ ಇರಲಿಲ್ಲ.

ಅಯಸ್ಕಾಂತ ಅಂತ ಒಂದಿದೆ ಎಂದೆ ಮಾಲೀಕರಿಗೆ,
ಗೋಡೆಗೆ ಹಾಕಿದರೆ ಬಾಗಿಲನ್ನು ಹಿಡಿದಿರುತ್ತದೆ,
ಹೊಗೆಯ ಗಂಟೆ ಬಾರಿಸಿದೊಡನೆ ಕೈಬಿಡುತ್ತದೆ,
ಕರೆಂಟು ಹೋದರೂ ಕೈಬಿಡುತ್ತದೆ.
"ಹಂಗಾದ್ರೆ ದಿನಾ ಬಿಡುತ್ತೆ ಬಿಡಿ" ಎಂದು ನಕ್ಕರು.
ರೇಟು ಕೇಳಿದ ಮೇಲೆ ನಗಲಿಲ್ಲ.
ಎಣ್ಣೆ ಬಂದಾಗ ಕಣ್ಣು ಮುಚ್ಚುವವರು ಎಲ್ಲ ಊರಲ್ಲೂ ಇದ್ದಾರೆ;
ನನ್ನ ಡಬ್ಬಿಯಲ್ಲಿ ಎಣ್ಣೆ ಇರುವುದೇ ಮುಚ್ಚುವುದಕ್ಕೆ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ.
ಏಣಿ ಹತ್ತಿ ಮೊದಲ ಸ್ಕ್ರೂ ಕಾಲು ಸುತ್ತು ಬಿಗಿದೆ,
ಕೈ ತುಂಬಿದವಳು ಸೊಂಟದಲ್ಲಿ ತಳ್ಳಿ
ದಾಟುವಷ್ಟು ನಿಧಾನಕ್ಕೆ.
ಅವರನ್ನೇ ನಡೆಸಿ ನೋಡಿದೆ, ಹನ್ನೊಂದು ಸಲ.
ಕೊನೆಯ ಗೇಣಿನ ಸ್ಕ್ರೂ ಮುಟ್ಟಲಿಲ್ಲ.
ಒಂಬತ್ತು ಹಾಸಿಗೆಗೂ ಕರೆಗಂಟೆಯ ವೈರು ಎಳೆದೆವು,
ಬಾಬಾಜಾನ್ ಕೂಲಿ ಬಿಟ್ಟ, ನಾನು ವೈರಿನ ದುಡ್ಡು.
ಗೋಡೆಯಲ್ಲಿ ಕೊರೆದ ತೂತಿಗೆ ಬೆಂಕಿ ತಡೆಯುವ ಮೆತ್ತೆ ತುಂಬಿದೆ;
ಹೊಗೆಗೆ ಅದೂ ಬಾಗಿಲೇ.

ಇಟ್ಟಿಗೆ ಕೊಡಿ, ಎಸೆದು ಹೋಗುತ್ತೇನೆ ಎಂದೆ.
"ಇರ್ಲಿ ಬಿಡು, ಕಾಲಿಟ್ಕೊಳಕ್ಕಾಗ್ತದೆ."
ಅಂತರಗಂಗೆ ಬೆಟ್ಟ ಕಾಣುವ ಕಿಟಕಿಯ ಕೆಳಗೆ
ಅವರ ಸ್ಟೂಲು. ಅದರ ಮುಂದೆ ಇಟ್ಟಿಗೆ.

ಈಗಲೂ ಆ ಕಡೆ ಹೋದರೆ ಹತ್ತಿ ನೋಡುತ್ತೇನೆ.
ಹೆಚ್ಚಿನ ದಿನ ಸ್ಟೂಲಿನ ಮುಂದಿರುತ್ತದೆ.
ಕೆಲವು ದಿನ ಬಾಗಿಲ ಕೆಳಗೆ.
ತೆಗೆಯುತ್ತೇನೆ, ಒದೆಯುವುದಿಲ್ಲ.
ಬಾಗಿಲನ್ನು ಪೂರ್ತಿ ತೆರೆದು ಬಿಟ್ಟು
ಕಿವಿಗೊಟ್ಟು ನಿಲ್ಲುತ್ತೇನೆ.
ನಡಿಗೆ, ನಡಿಗೆ, ಕೊನೆಯ ಗೇಣು,
ಟಕ್.

ಒಳಗೆಲ್ಲೋ ಕರೆಗಂಟೆ ಬಡಿಯುತ್ತದೆ.
ಮುನಿರತ್ನಮ್ಮ ಏಳುತ್ತಾರೆ.